ವಿಲ್ಫ್ರೆಡ್ ಒಬ್ಬರಿಗೇ ಗೊತ್ತಿದ್ದ ಕೋಡ್

ಮಣಿಪಾಲದ ಬೇಕರಿಯೊಂದರ ಮಹಡಿಯಲ್ಲಿ, ವೆಬ್‌ಸೈಟು ಮಾಡಿಕೊಡುವ ವಿಲ್ಫ್ರೆಡ್ ಅವರ ಆಫೀಸು. ಅದನ್ನು ಜೊತೆಗೆ ಶುರುಮಾಡಿದ್ದ ಗೆಳೆಯ ಎಡ್ಮಂಡ್ ಕುವೈತಿಗೆ ಹೋದ ಮೇಲೆ ಎರಡನೆಯ ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟಿದ್ದರು. ವಿಲ್ಫ್ರೆಡ್‌ಗೆ ಮದುವೆಯಾಗಿರಲಿಲ್ಲ. ಬೆಳಿಗ್ಗೆ ಕಾಪುವಿನಿಂದ ಬಸ್ಸು ಹತ್ತಿ ಬಂದರೆ ಸಂಜೆಯವರೆಗೆ ಅವರು ಮಾತಾಡುವುದು ಕೆಳಗೆ ಚಹಾ ಕೊಡುವವನ ಜೊತೆ ಮಾತ್ರ.

ಉಡುಪಿ, ಕಾರ್ಕಳ ಕಡೆಯ ಮದುವೆ ಹಾಲ್‌ಗಳನ್ನು ಬುಕ್ ಮಾಡುವ ವೆಬ್‌ಸೈಟು ಅವರ ದೊಡ್ಡ ಕೆಲಸ. ಲಾಗಿನ್, ಫಾರಂ, ಖಾಲಿ ತಾರೀಕು ಹುಡುಕುವುದು, ಎಲ್ಲವನ್ನೂ ಮೊದಲ ಸಾಲಿನಿಂದ ತಾವೇ ಬರೆದಿದ್ದರು. ಅದರ ಬಗ್ಗೆ ಹೆಮ್ಮೆಯೂ ಇತ್ತು.

೨೦೦೭ರಲ್ಲಿ ಸವಿತಾ ಕೆಲಸಕ್ಕೆ ಸೇರಿದಳು. ಅಪ್ಪ ಮಾನಪ್ಪ ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ಉಳಿದವರು. ನಿಟ್ಟೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ್ದ ಹುಡುಗಿ ಒಂದು ವಾರ ಆ ಕೋಡ್ ನೋಡಿ ಸೋತಳು.

"ಸರ್, ಇದರಲ್ಲಿ ಯಾವುದು ಎಲ್ಲಿ ಉಂಟು ಅಂತ ಗೊತ್ತೇ ಆಗುವುದಿಲ್ಲ."

"ನನ್ನನ್ನು ಕೇಳಿ. ನನಗೆ ಗೊತ್ತುಂಟು."

"ಫ್ರೇಮ್‌ವರ್ಕಿನಲ್ಲಿ ಬರೆಯಬಹುದಲ್ವಾ ಸರ್? ಎಲ್ಲ ವೆಬ್‌ಸೈಟಿಗೂ ಬೇಕಾದದ್ದನ್ನು ಅದರಲ್ಲಿ ಮೊದಲೇ ಮಾಡಿಟ್ಟಿರುತ್ತಾರೆ. ಯಾವುದನ್ನು ಎಲ್ಲಿಡಬೇಕು ಅಂತ ಕ್ರಮವೂ ಇರುತ್ತದೆ. ಅದನ್ನು ಕಲಿತ ಯಾರಿಗಾದರೂ ಅರ್ಥ ಆಗುತ್ತದೆ."

"ಯಾರೋ ಬರೆದದ್ದನ್ನು ನಂಬಿ ಕೂತುಕೊಳ್ಳುವುದಾ? ಬೇಡ ಮಾರಾಯ್ರೆ."

ಮರುವರ್ಷ ಉದ್ಯಾವರದಲ್ಲಿದ್ದ ಅಕ್ಕ ಒಲಿಂಡಾ ತೀರಿಕೊಂಡಳು. ವಿಲ್ಫ್ರೆಡ್‌ಗೆ ಇದ್ದ ರಕ್ತಸಂಬಂಧ ಅದೊಂದೇ. ಚರ್ಚಿನಲ್ಲಿ ಪೂಜೆ ಮುಗಿದು ಶವಪೆಟ್ಟಿಗೆಯನ್ನು ಸಮಾಧಿಯ ಹೊಂಡದ ಬಳಿ ತಂದಾಗ ಅವರ ಮೊಬೈಲು ಜೇಬಿನಲ್ಲಿ ನಡುಗತೊಡಗಿತು. ಎರಡು ಸಲ ಬಿಟ್ಟರು. ಮೂರನೆಯ ಸಲ ಪಾಗಾರದ ಗೋಡೆಯ ಬಳಿ ಹೋಗಿ ಎತ್ತಿದರು.

ಸವಿತಾ ಅಳುವುದರಲ್ಲಿದ್ದಳು. "ಸರ್, ಕ್ಷಮಿಸಿ. ವೆಬ್‌ಸೈಟು ಕಾರ್ಕಳದ ಹಾಲ್ ಅನ್ನು ಒಂದೇ ದಿನಕ್ಕೆ ಎರಡು ಮದುವೆಗೆ ಕೊಟ್ಟುಬಿಟ್ಟಿದೆ. ಈಗಲೂ ಆ ತಾರೀಕು ಖಾಲಿ ಅಂತಲೇ ತೋರಿಸ್ತಾ ಉಂಟು. ಎಲ್ಲಿ ಸರಿಮಾಡಬೇಕು ಅಂತ ಗೊತ್ತಾಗುವುದಿಲ್ಲ."

ಯಾವ ಫೈಲು, ಅದರೊಳಗೆ ಯಾವ ಸಾಲು, ಆ ಸಾಲಿಗೆ ಬೇರೆಲ್ಲಿ ನಂಟು ಎಂದು ವಿಲ್ಫ್ರೆಡ್ ನೆನಪಿನಿಂದಲೇ ಹೇಳುತ್ತಾ ಹೋದರು. ಸರಿಯಾಯಿತು ಎಂದು ಅವಳು ಹೇಳುವಷ್ಟರಲ್ಲಿ ಜನ ಗೇಟಿನತ್ತ ನಡೆಯುತ್ತಿದ್ದರು. ಭಾವ ಸ್ಟ್ಯಾನಿಸ್ಲಾಸ್ ಮಾತ್ರ ಮುಚ್ಚಿದ ಹೊಂಡದ ಬಳಿ ನಿಂತಿದ್ದರು.

"ನಿನ್ನನ್ನು ಹುಡುಕಿದೆ ವಿಲ್ಲಿ," ಎಂದರು. "ಒಂದು ಹಿಡಿ ಮಣ್ಣು ಹಾಕಲಿಕ್ಕೆ."

ವಿಲ್ಫ್ರೆಡ್ ಕೈಯಲ್ಲಿದ್ದ ಮೊಬೈಲನ್ನು ಆಫ್ ಮಾಡಿದರು.

ಆಫೀಸಿಗೆ ಮರಳಿದ ದಿನ ಅವರು ಕುರ್ಚಿಯನ್ನು ಸವಿತಾಳ ಮೇಜಿನ ಪಕ್ಕಕ್ಕೆ ಎಳೆದುಕೊಂಡರು. "ನೀವು ಹೇಳಿದ ಆ ಫ್ರೇಮ್‌ವರ್ಕ್ ತೋರಿಸಿ."

ಮಳೆಗಾಲವಿಡೀ ಇಬ್ಬರೂ ವೆಬ್‌ಸೈಟನ್ನು ಹೊಸದಾಗಿ ಬರೆದರು. ತಾವು ತಿಂಗಳುಗಟ್ಟಲೆ ತಿದ್ದಿದ್ದ ಲಾಗಿನ್ ಕೋಡನ್ನು ಸವಿತಾ ಅಳಿಸುವಾಗ ವಿಲ್ಫ್ರೆಡ್ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಒಂದು ಕಡೆ ಸಿಕ್ಕಿಹಾಕಿಕೊಂಡಾಗ ಆ ಫ್ರೇಮ್‌ವರ್ಕ್ ಬಳಸುವವರ ಇಂಟರ್ನೆಟ್ ಫೋರಮ್ಮಿನಲ್ಲಿ ಪ್ರಶ್ನೆ ಹಾಕಿದರು. ಮರುದಿನ ಬ್ರೆಜಿಲಿನ ಯಾರೋ ಒಬ್ಬ ಉತ್ತರ ಬರೆದಿದ್ದ: ನನಗೂ ಹೀಗೇ ಆಗಿತ್ತು, ಹೀಗೆ ಮಾಡಿ ನೋಡಿ. ವಿಲ್ಫ್ರೆಡ್ ಅದನ್ನು ಎರಡೆರಡು ಸಲ ಓದಿದರು. ಇಷ್ಟು ವರ್ಷಗಳ ಕೆಲಸದಲ್ಲಿ "ನನಗೂ" ಎಂದವರು ಯಾರೂ ಇರಲಿಲ್ಲ.

ಸವಿತಾ ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಅವಳ ಜಾಗಕ್ಕೆ ಬಂದ ಕರಿಬಸವನಿಗೆ ಆ ಫ್ರೇಮ್‌ವರ್ಕ್ ಮೊದಲೇ ಗೊತ್ತಿತ್ತು. ಏನು ಎಲ್ಲಿದೆಯೆಂದು ಅವನು ಕೇಳಲೇ ಇಲ್ಲ. ತೊಂದರೆಗಳನ್ನು ತಾನೇ ಸರಿಮಾಡಿ ಆಮೇಲೆ ತಿಳಿಸುತ್ತಿದ್ದ. ವಿಲ್ಫ್ರೆಡ್‌ಗೆ ನಿರಾಳವೂ ಆಯಿತು, ತಾನು ಯಾರಿಗೂ ಬೇಡವೇನೋ ಎಂದೂ ಅನಿಸಿತು.

ಬಿಡುವಾದ ಭಾನುವಾರಗಳಲ್ಲಿ ಅವರು ಬಂಗುಡೆ ಮೀನು ಹಿಡಿದುಕೊಂಡು ಉದ್ಯಾವರದಲ್ಲಿ ಇಳಿದು ಭಾವನ ಮನೆಗೆ ಹೋಗತೊಡಗಿದರು. ಸಾರು ಮಾಡಲು ಇಬ್ಬರಿಗೂ ಸರಿಯಾಗಿ ಬರುತ್ತಿರಲಿಲ್ಲ.

"ಹುಳಿ ಜಾಸ್ತಿ ಆಯಿತಲ್ವಾ?" ಎಂದು ಸ್ಟ್ಯಾನಿಸ್ಲಾಸ್ ಕೇಳುವರು.

"ಪರವಾಗಿಲ್ಲ ಭಾವ."

ಹಾಗೆಯೇ ಇಬ್ಬರೂ ಊಟ ಮುಗಿಸುವರು.