ನಾನು ಹೊಡೆದುಹಾಕಿದ ಒಂಬತ್ತನೆಯ ಚಿಪ್

ಕೆಂಪು ಶಾಯಿಯ ಪೆನ್ನು ಕೈಗೆ ಬಂದ ಮನುಷ್ಯನಿಗೆ ಲೋಕದಲ್ಲಿ ಎಲ್ಲವೂ ಒಂದಿಷ್ಟು ಜಾಸ್ತಿಯಾಗಿಯೇ ಕಾಣುತ್ತದೆ. ಹೆಬ್ಬಾಳದ ಬೀಜ ಪರೀಕ್ಷಾ ಕಚೇರಿಯೊಂದರಲ್ಲಿ ಉಗ್ರಾಣದ ಮೇಲ್ವಿಚಾರಕನಾಗಿದ್ದ ನನಗೂ ಹಾಗೆಯೇ ಕಾಣುತ್ತಿತ್ತು. ಹತ್ತು ಪೊರಕೆ ಕೇಳಿದವರಿಗೆ ಎಂಟು ಕೊಟ್ಟು, ಎರಡನ್ನು ದೇಶಕ್ಕೆ ಉಳಿಸಿದ ತೃಪ್ತಿಯಿಂದ ಯಶವಂತಪುರದ ಬಸ್ಸು ಹತ್ತುತ್ತಿದ್ದೆ. ಇಂಥವನು ಒಮ್ಮೆ ಕಂಪ್ಯೂಟರಿನ ಜ್ಞಾಪಕಶಕ್ತಿಗೂ ಕತ್ತರಿ ಹಾಕಿದ್ದನ್ನು ನಿಮ್ಮೆದುರು ಒಪ್ಪಿಕೊಳ್ಳಲೇಬೇಕು.

ಅದು ಎಂಬತ್ತರ ದಶಕದ ಕೊನೆ. ಕಂಪ್ಯೂಟರ್ ಇದ್ದ ಕೋಣೆಗೆ ನಾವು ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಹೋಗುತ್ತಿದ್ದ ಕಾಲ. ಆ ಗರ್ಭಗುಡಿಯ ಅರ್ಚಕಿ ಆರ್.ಟಿ. ನಗರದ ನಸ್ರೀನ್. ಮುಖ್ಯ ಭಕ್ತರು ರಾಗಿ ವಿಭಾಗದ ದೇಶಪಾಂಡೆಯವರು, ಧಾರವಾಡದ ಕಡೆಯವರು. ಹನ್ನೆರಡು ವರ್ಷ ಬೆಳೆದು ತೂಗಿದ ರಾಗಿ ತಳಿಗಳನ್ನೆಲ್ಲ ಒಟ್ಟಿಗೆ ಹೋಲಿಸಿ, ಯಾವುದು ಮೇಲು ಎಂದು ಅವರು ಶಿಫಾರಸು ಬರೆಯಬೇಕಿತ್ತು. ಆ ವಾರದ ಶನಿವಾರವೇ ಅವರ ನಿವೃತ್ತಿ. ಆಮೇಲೆ ಬರುವ ಅಧಿಕಾರಿಗೆ ಸೂರ್ಯಕಾಂತಿಯ ಮೇಲೆ ಪ್ರೀತಿ. ರಾಗಿಯ ಕಡತ ಕಟ್ಟಿ ಅಟ್ಟಕ್ಕೆ ಹೋಗುವುದು ಖಚಿತ.

ಆದರೆ ಅಷ್ಟು ಅಂಕಿಗಳು ಯಂತ್ರದ ತಲೆಯಲ್ಲಿ ಹಿಡಿಸುತ್ತಿರಲಿಲ್ಲ. ನೆನಪು ಎರಡರಷ್ಟು ಆಗಬೇಕು ಎಂದು ನಸ್ರೀನ್ ಒಂಬತ್ತು ಚಿಪ್ಪುಗಳಿಗೆ ಬೇಡಿಕೆ ಬರೆದಳು.

"ಎಂಟು ನೆನಪಿಟ್ಕೊಳುತ್ತೆ ಸಾರ್. ಒಂಬತ್ತನೇದು, ಆ ಎಂಟೂ ಸರಿಯಾಗಿ ನೆನಪಿಟ್ಕೊಂಡಿದ್ಯಾ ಅಂತ ನೋಡುತ್ತೆ."

"ಅಂದ್ರೆ ಅದು ಸ್ವಂತವಾಗಿ ಏನೂ ಕೆಲ್ಸ ಮಾಡಲ್ಲ?"

"ನೋಡೋದೇ ಅದ್ರ ಕೆಲ್ಸ ಸಾರ್."

ಪರರ ಕೆಲಸ ನೋಡುತ್ತ ಕೂರುವುದು ಕಚೇರಿಯಲ್ಲಿ ನನ್ನೊಬ್ಬನ ಹಕ್ಕೆಂದು ನಂಬಿದ್ದವನು ನಾನು. 'ಹೆಚ್ಚುವರಿ ಬಿಡಿಭಾಗಕ್ಕೆ ಅವಕಾಶವಿಲ್ಲ. ಎಂಟು ಸಾಕು' ಎಂದು ಕೆಂಪಿನಲ್ಲಿ ಬರೆದು ಸಹಿ ಹಾಕಿದೆ.

ಗುರುವಾರ ಎಂಟು ಬಂದವು. ಎಂಟು ಕಾಲು ಈ ಕಡೆ, ಎಂಟು ಕಾಲು ಆ ಕಡೆ ಇರುವ ಕಪ್ಪು ಜಿರಳೆಗಳು. ನಸ್ರೀನ್ ಒಂದೊಂದನ್ನೂ ಕಾಲು ಮುರಿಯದಂತೆ ಕೂರಿಸಿದಳು. ಒಂಬತ್ತು ಗೂಡುಗಳಲ್ಲಿ ಒಂದು ಖಾಲಿ, ಹಲ್ಲು ಬಿದ್ದ ಬಾಯಿಯ ಹಾಗೆ. ಗುಂಡಿ ಒತ್ತಿದರೆ ಯಂತ್ರ ಕೊಂಚ ಎಣಿಸಿ, ನೆನಪಿನಲ್ಲಿ ತಪ್ಪಿದೆ ಎಂದು ಇಂಗ್ಲಿಷಿನಲ್ಲಿ ಸಾರಿ ನಿಂತೇಬಿಟ್ಟಿತು. ಸಾಕ್ಷಿಯಿಲ್ಲದೆ ಒಂದಕ್ಷರವನ್ನೂ ಇಟ್ಟುಕೊಳ್ಳಲೊಲ್ಲದ ಈ ಸತ್ಯಸಂಧತೆಗೆ ನಾನು ಬೆರಗಾಗಿ ನಿಂತೆ.

ದೇಶಪಾಂಡೆಯವರು ಬೈಯಲಿಲ್ಲ. "ಒಂದ ಚಿಪ್ ಸಲುವಾಗಿ ನನ್ನ ಹನ್ನೆರಡ ವರ್ಷ ಅಟ್ಟಕ್ಕ ಹೋಗ್ತಾವಲ್ರೀ," ಎಂದರು ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಶುಕ್ರವಾರ ಬೆಳಿಗ್ಗೆಯೇ ಜವಾನ ಮುನಿಯಪ್ಪನನ್ನು ಜೊತೆಗೆ ಕರೆದುಕೊಂಡು ಯಂತ್ರದ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಓಡಿದೆ. ಮುನಿಯಪ್ಪ ಚಿಕ್ಕಬಾಣಾವರದವನು, ಮನೆಯಲ್ಲಿ ಇನ್ನೂ ಎತ್ತು ಕಟ್ಟಿದ್ದ. ನಮ್ಮ ಚಿಪ್ಪಿನ ಬೆನ್ನ ಮೇಲೆ ಹದಿನೈದು ಎಂದಿತ್ತು. ಅಂಗಡಿಯವನ ಬಳಿ ಅದೇ ಅಳತೆಯವು ಎರಡೇ ಇದ್ದವು: ಒಂದರ ಮೇಲೆ ಇಪ್ಪತ್ತು, ಇನ್ನೊಂದರ ಮೇಲೆ ಹನ್ನೆರಡು. ನಾನು ಇಪ್ಪತ್ತಕ್ಕೆ ಕೈ ಹಾಕಿದೆ. ದೊಡ್ಡ ಅಂಕಿ ದೊಡ್ಡದೆಂದು ಶಾಲೆಯಲ್ಲಿ ಕಲಿತದ್ದು.

"ಅಯ್ಯೋ, ಅದು ಸ್ಲೋ ಸಾರ್! ಇಲ್ಲಿ ನಂಬರ್ ಕಮ್ಮಿ ಇದ್ರೆ ಫಾಸ್ಟು," ಎಂದ ಅಂಗಡಿಯವನು. ಹದಿನೈದೆಂದರೆ, ನೆನಪಿಟ್ಟದ್ದನ್ನು ತೆಗೆದುಕೊಡಲು ಚಿಪ್ಪಿಗೆ ಬೇಕಾದ ಹೊತ್ತು ನೂರೈವತ್ತು ನ್ಯಾನೋಸೆಕೆಂಡು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ ಅದರಲ್ಲಿ ನೂರೈವತ್ತನ್ನು ಆರಿಸಿಕೊಳ್ಳಬೇಕಂತೆ. ರೆಪ್ಪೆ ಬಡಿಯುವ ಹೊತ್ತಿಗೆ ನಿಮಿಷವೆಂದು ಹೆಸರಿಟ್ಟು, ಅದನ್ನೂ ಒಡೆದು ತ್ರುಟಿಯೆಂದು ಕರೆದ ನಮ್ಮ ಹಿರಿಯರೂ ಇಲ್ಲಿ ಮೂಗಿನ ಮೇಲೆ ಬೆರಳಿಡುತ್ತಿದ್ದರು.

"ಹಂಗಾದ್ರೆ ಹನ್ನೆರಡು ನಮ್ಮದಕ್ಕೆ ಹೊಂದುತ್ತಾ?" ಎಂದೆ.

ಉತ್ತರ ಮುನಿಯಪ್ಪನಿಂದ ಬಂತು. "ಇಂಗೆ ಕಣ್ ಸಾಮಿ. ಜೋಡೀಲಿ ಒಂದೆತ್ತು ಚುರುಕಾಗಿದ್ರೆ ಏನೂ ಆಗಾಕಿಲ್ಲ, ಇನ್ನೊಂದು ಬರಗಂಟ ತಡೀತದೆ. ಒಂದು ಸೋಮಾರಿ ಆದ್ರೆ ಗಾಡೀನೇ ನಿಂತೋಯ್ತದೆ."

ಅಂಗಡಿಯವನು ಅವನನ್ನು ಗೌರವದಿಂದ ನೋಡಿ, "ಕರೆಕ್ಟಾಗ್ ಹೇಳಿದ್ರಿ ಗುರುವೇ," ಎಂದು ಹನ್ನೆರಡನ್ನು ಸಿಗರೇಟಿನ ಬೆಳ್ಳಿ ಕಾಗದದಲ್ಲಿ ಸುತ್ತಿಕೊಟ್ಟ. ಬಸ್ಸಿನಲ್ಲಿ ಅದನ್ನು ಶಾಲಿಗ್ರಾಮದಂತೆ ಅಂಗೈಯಲ್ಲಿ ಹಿಡಿದು ಕೂತೆ.

ಮಧ್ಯಾಹ್ನ ನಾಲ್ವರೂ ಯಂತ್ರದ ಮುಂದೆ ನಿಂತೆವು. ಯಂತ್ರ ತನ್ನ ನೆನಪನ್ನು ಎಣಿಸುತ್ತಿದ್ದಂತೆ ಪರದೆಯ ಮೇಲೆ ಅಂಕಿ ಏರತೊಡಗಿತು. ಹಳೆಯ ನೆನಪಿನ ಗಡಿ ಇನ್ನೂರೈವತ್ತಾರನ್ನು ದಾಟಿತು. ಐನೂರ ಹನ್ನೆರಡು! ಐದು ಲಕ್ಷ ಅಕ್ಷರ ಹಿಡಿಸುವ ನೆನಪು, ಎರಡು ಸಾಲು ಜಿರಳೆಗಳೊಳಗೆ. ನಾನು ಕೈ ಮುಗಿದೆನೆಂದು ನಸ್ರೀನ್ ಇವತ್ತಿಗೂ ಹೇಳುತ್ತಾಳೆ. ನನಗೆ ನೆನಪಿಲ್ಲ.

ಸಂಜೆಯ ಹೊತ್ತಿಗೆ ಪ್ರಿಂಟರ್ ಕಿರ್ರೆನ್ನುತ್ತ ಫಲಿತಾಂಶ ಉಗುಳಿತು. ದೇಶಪಾಂಡೆಯವರ ಮುದ್ದಿನ ತಳಿ ಹದಿನೇಳನೆಯದು. ಅದನ್ನು "ನಮ್ಮ ಹುಡುಗಿ" ಎಂದೇ ಅವರು ಕರೆಯುತ್ತಿದ್ದುದು. ಪಟ್ಟಿಯಲ್ಲಿ ಆ ಹುಡುಗಿ ನಾಲ್ಕನೆಯ ಸ್ಥಾನದಲ್ಲಿದ್ದಳು. ಮೇಲೆ ಕೂತದ್ದು ಯಾರೂ ತಿರುಗಿ ನೋಡದಿದ್ದ ಆರನೆಯ ತಳಿ.

ಅವರು ನನ್ನತ್ತ ತಿರುಗಿದರು. "ಮಶಿನ್ ತಪ್ಪಂತೂ ಹೇಳಿಲ್ಲಲ್ರೀ?"

ತಪ್ಪು ಹೇಳಿರಬಹುದು ಎನ್ನಬಹುದಿತ್ತು. ಹೊಸ ಚಿಪ್, ಬೇರೆ ವೇಗ, ನೂರು ನೆಪ. ಅವರು ಸಂತೋಷದಿಂದ ಮನೆಗೆ ಹೋಗುತ್ತಿದ್ದರು. "ಇಲ್ಲ ಸಾರ್. ತಪ್ಪಿದ್ರೆ ನಿನ್ನೆ ಥರ ನಿಂತುಬಿಡ್ತಿತ್ತು," ಎಂದೆ.

ಅವರು ಕನ್ನಡಕ ಒರೆಸಿ, ಮೊದಲೇ ಬರೆದಿಟ್ಟಿದ್ದ ಶಿಫಾರಸಿನ ಕರಡು ತೆಗೆದು, ಹದಿನೇಳನ್ನು ಒಂದೇ ಗೀಟಿನಲ್ಲಿ ಹೊಡೆದು ಆರು ಎಂದು ಬರೆದರು. ಯಂತ್ರಕ್ಕೆ ಐದು ಲಕ್ಷ ಅಕ್ಷರ ಹಿಡಿದಿಡುವುದು ಸಾಧ್ಯವೆಂದು ಆಗಷ್ಟೇ ಬೆರಗಾಗಿದ್ದೆ. ಹನ್ನೆರಡು ವರ್ಷ ಹಿಡಿದದ್ದನ್ನು ಮನುಷ್ಯ ಹೀಗೆ ಬಿಟ್ಟುಕೊಡಬಲ್ಲನೆಂಬುದು ಅದಕ್ಕಿಂತ ದೊಡ್ಡ ಬೆರಗು.

ಸಹಿ ಹಾಕಿ ಎದ್ದವರು ಬಾಗಿಲಲ್ಲಿ ನಿಂತು ಮುನಿಯಪ್ಪನನ್ನು ಕೇಳಿದರು: "ಆರನೇದರ ಬೀಜ ಒಂದ್ ಬೊಗಸಿ ಸಿಗ್ತದೇನಪಾ? ಮನಿ ಹಿತ್ತಲದಾಗ ಹಾಕಿ ನೋಡ್ತೀನಿ. ಇಷ್ಟ ದಿನಾ ಅದರ ಮುಖಾನೇ ನೋಡಿಲ್ಲ ನೋಡು."