ಆಯಿಯ ಹೊಂಡದ ಕಾವಲಿನವರು

ಚೌತಿ ಹತ್ತಿರ ಬಂತೆಂದರೆ ನನಗೆ ಮೈಮೇಲೆ ಬರುತ್ತದೆ. ದೇವರಲ್ಲ, ಪೊರಕೆ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ, ಗಣಪತಿ ಕೂರುವ ಗೋಡೆ, ಅಂಗಳದ ಪಾಚಿ ಎಲ್ಲವನ್ನೂ ತಿಕ್ಕಿ ತೊಳೆದು, ನಡುವೆ ಮನೆಯವರನ್ನೂ ಒಂದು ಕೈ ನೋಡಿಕೊಂಡರೇ ನನಗೆ ಸಮಾಧಾನ. ಆ ಎರಡು ವಾರ ನನ್ನ ಯಜಮಾನರು ಕಾರವಾರದ ಆಫೀಸಿನಿಂದ ಬೇಕೆಂದೇ ತಡ ಮಾಡಿ ಭಾವಿಕೇರಿಯ ಮನೆಗೆ ಬರುತ್ತಾರೆ. ನಾನು ಶಾಲೆಯ ಅಕ್ಕೋರು ಬೇರೆ. ವರ್ಷಗಟ್ಟಲೆ ಮಕ್ಕಳ ಉಗುರು ನೋಡಿದ ಕಣ್ಣಿಗೆ ಕೊಳೆ ಇದ್ದಲ್ಲಿಯೂ ಕಾಣುತ್ತದೆ, ಇಲ್ಲದಲ್ಲಿಯೂ ಕಾಣುತ್ತದೆ.

ಆ ವರ್ಷ ನನ್ನ ಕಣ್ಣು ಆಯಿಯ ಹೊಂಡದ ಮೇಲೆ ಬಿತ್ತು.

ಆಯಿ ಎಂದರೆ ನನ್ನ ತಾಯಿ. ಅರ್ಗಾದ ಕಡೆ ಇದ್ದ ನಮ್ಮ ಮನೆ, ಹಿತ್ತಲು ನೌಕಾನೆಲೆಗೆಂದು ಸರಕಾರದ ಪಾಲಾದಾಗ ಎಲ್ಲರೂ ಬಾಗಿಲು, ತೊಲೆ, ಹೆಂಚು ಬಿಚ್ಚಿಕೊಂಡು ಹೊರಟಿದ್ದರು. ಆಯಿ ಒಂದು ಡಬರಿಯಲ್ಲಿ ಕೆಸರಿನ ಸಮೇತ ಬಿಳಿ ನೈದಿಲೆಯ ಗಡ್ಡೆ ಹಿಡಿದುಕೊಂಡು ಹೊರಟಳು. ಅದರಲ್ಲಿ ಅರ್ಧವನ್ನು ರಾಮನಗುಳಿಗೆ ಮದುವೆಯಾಗಿ ಹೋಗಿದ್ದ ತಂಗಿಗೆ, ಅಂದರೆ ನನ್ನ ಮಾವಶಿಗೆ, ಕೊಟ್ಟಳು. ಇನ್ನರ್ಧ ಎರಡು ಮೂರು ಬಾಡಿಗೆ ಮನೆ ಸುತ್ತಿ, ಕೊನೆಗೆ ಅವಳ ಜೊತೆಯಲ್ಲೇ ನಮ್ಮಲ್ಲಿಗೆ ಬಂತು. ಬಾವಿಕಟ್ಟೆಯ ಪಕ್ಕ ತಾನೇ ನಿಂತು ಹೊಂಡ ತೋಡಿಸಿದಳು. ಎರಡು ಮಂಚ ಜೋಡಿಸಿ ಇಟ್ಟಷ್ಟು ಅಗಲ, ಮೊಣಕಾಲು ಮುಳುಗುವಷ್ಟು ನೀರು. ಪ್ರತಿ ಚೌತಿಗೆ ಗಣಪತಿಯ ಪಾದಕ್ಕೆ ಆ ಹೊಂಡದ್ದೇ ಹೂವು. ಅರ್ಗಾದಿಂದ ಅವಳ ಕೈಯಲ್ಲಿ ಉಳಿದದ್ದು ಅದೊಂದೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಆಯಿ ಹಬ್ಬದ ಸಾಮಾನಿಗೆ ಅಂಕೋಲೆ ಪೇಟೆಗೆ ಹೋಗಿದ್ದಳು. ನಾನು ಅಂಗಳ ಮುಗಿಸಿ ಹಾಗೇ ಹೊಂಡಕ್ಕೆ ಬಗ್ಗಿ ನೋಡಿದೆ. ತಳದಲ್ಲಿ ಮಣ್ಣಿನ ಬಣ್ಣದ, ಆರು ಕಾಲಿನ, ದಪ್ಪ ಕಣ್ಣಿನ ಹುಳಗಳು ಮೆಲ್ಲಗೆ ತೆವಳುತ್ತಿದ್ದವು. ಎಲೆಗಳ ಮೇಲೆ ಇನ್ನೊಂದು ಜಾತಿ. ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಮೊಸಳೆಮರಿಗಳ ಹಾಗೆ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ. ದೇವರ ಹೂವಿನ ನೀರಿನಲ್ಲಿ ಇಂಥ ಹೇಸಿಗೆಯೇ ಎಂದು ನನಗೆ ಸಿಟ್ಟು ಬಂತು. ಎಲೆಯ ಮೇಲಿನದನ್ನು ಒಂದೊಂದಾಗಿ ಹೆಕ್ಕಿ ಒಲೆಯ ಬೂದಿಗೆ ಹಾಕಿದೆ. ನೀರಿಗೆ, ಬಾವಿಗೆಂದು ಪಂಚಾಯತಿಯವರು ಕೊಟ್ಟಿದ್ದ ಬ್ಲೀಚಿಂಗ್ ಪುಡಿ ಮೂರು ಹಿಡಿ ಸುರಿದೆ. ಒಂದು ಹಿಡಿ ಸಾಕಿತ್ತೋ ಏನೋ, ಆದರೆ ಹಬ್ಬದ ಹುರುಪಿನಲ್ಲಿ ನನ್ನ ಕೈ ಧಾರಾಳ.

ಮರುದಿನ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆಯಿ ಬಂದು ನೋಡಿದಳು. ಬಗ್ಗಿ ಮೂಸಿದಳು. ಎಲೆಯ ಅಂಚು ಸುಟ್ಟಿದ್ದನ್ನು ಬೆರಳಿನಲ್ಲಿ ಸವರಿದಳು. ಮಳೆ ನೀರು ಜಾಸ್ತಿ ಬಿದ್ದು ತಿಳಿಯಾಗಿರಬೇಕು ಎಂದು ನಾನೇ ಮುಂದಾಗಿ ಹೇಳಿದೆ. ಅವಳು ಬೆರಳು ಒರೆಸಿಕೊಂಡು ಒಳಗೆ ಹೋದಳು. ಆ ಚೌತಿಗೆ ಸಿಕ್ಕಿದ್ದು ಎರಡೇ ಹೂವು.

ಹಬ್ಬ ಮುಗಿದ ಮೇಲೆ ನನ್ನ ಸ್ವಚ್ಛತೆಯ ಫಲ ಶುರುವಾಯಿತು. ನೈದಿಲೆ ಎಲೆಯ ತುಂಬ ಗಿಡಹೇನು ಕೂತು, ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟು. ಸಂಜೆಯಾದರೆ ಸೊಳ್ಳೆಗಳ ಸಂತೆ. ಶುಕ್ರವಾರ ಆಶಾ ಕಾರ್ಯಕರ್ತೆ ಬಂದಳು. ಪ್ರತಿ ವಾರ ಕೇರಿಯ ಮನೆ ಮನೆಗೆ ಬಂದು ನಿಂತ ನೀರು ನೋಡುವುದು ಅವಳ ಕೆಲಸ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಸೊಳ್ಳೆಯ ಜೀವನ ಚಕ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಅವಳಿಗೆ ಕಲಿಸಿದವಳೇ ನಾನು. ಅವಳು ಬಿಳಿ ಸೌಟನ್ನು ಹೊಂಡದಲ್ಲಿ ಅದ್ದಿ ನನ್ನ ಮುಂದೆ ಹಿಡಿದಳು. ನಾನು ಹಲಗೆಯ ಮೇಲೆ ಬರೆದಿದ್ದ ಚಿತ್ರವೆಲ್ಲ ಸೌಟಿನಲ್ಲಿ ಕುಣಿಯುತ್ತಿತ್ತು.

ಕೇರಿಯಲ್ಲಿ ಎರಡು ಮನೆಗೆ ಆಗಲೇ ಜ್ವರ ಬಂದಿತ್ತು. ಮುಂದಿನ ಶುಕ್ರವಾರವೂ ಹೀಗೇ ಇದ್ದರೆ ಹೊಂಡಕ್ಕೆ ಎಣ್ಣೆ ಸುರಿಯಬೇಕು, ಇಲ್ಲವೇ ಮಣ್ಣು ಹಾಕಿ ಮುಚ್ಚಬೇಕು ಎಂದಳು. ಅಕ್ಕೋರ ಮನೆ ಎಂದು ಬಿಟ್ಟರೆ ಉಳಿದವರಿಗೆ ಯಾವ ಬಾಯಲ್ಲಿ ಹೇಳಲಿ ಎಂದು ಮುಖ ಸಣ್ಣ ಮಾಡಿದಳು. ಗಪ್ಪಿ ಮೀನು ಬಿಡೋಣವೆಂದರೆ ಅದು ಹಿಂದೆಯೇ ಆಗಿತ್ತು. ಬಿಟ್ಟ ನಾಲ್ಕೇ ದಿನದಲ್ಲಿ ಮಿಂಚುಳ್ಳಿ ಊಟ ಮುಗಿಸಿ ಹೋಗಿತ್ತು. ಎಣ್ಣೆ ಬಿದ್ದರೂ ಮಣ್ಣು ಬಿದ್ದರೂ ನೈದಿಲೆ ಹೋದಂತೆಯೇ.

"ಇಷ್ಟ್ ವರ್ಷ ಈ ಹೊಂಡದಲ್ಲಿ ಒಂದ್ ಮರಿ ಕಂಡದ್ದಿಲ್ಲ," ಎಂದಳು ಆ ಹುಡುಗಿ. "ಯಾರಾದ್ರೂ ಬ್ಲೀಚಿಂಗ್ ಹಾಕಿದ್ರ ಅಕ್ಕೋರೆ?"

ನಾನು ತೆಂಗಿನ ಮರದ ತುದಿಯಲ್ಲಿ ಏನೋ ಕಂಡವರ ಹಾಗೆ ಮೇಲೆ ನೋಡಿದೆ.

"ನಾನೇ ಹಾಕ್ದೆ," ಎಂದಳು ಹಿಂದೆ ನಿಂತಿದ್ದ ಆಯಿ. "ಹಬ್ಬ ಅಲ್ಲವನೆ, ಚೊಕ್ಕ ಆಗ್ಲಿ ಅಂದ್ಕಂಡೆ. ಮುದುಕಿಗೆ ಎಂತ ತಿಳೀತದೆ."

ಆ ಹುಡುಗಿ ಹೋದ ಮೇಲೆ ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಆಯಿ ಬೈಯಲಿಲ್ಲ. ಮುಚ್ಚಳ ಇರುವ ಬಕೆಟ್ ಎಲ್ಲಿದೆ ಎಂದು ಕೇಳಿದಳು. ಭಾನುವಾರ ನನಗೆ ರಜೆ, ರಾಮನಗುಳಿಗೆ ಹೋಗಿ ಬರುವುದು ಎಂದು ತಾನೇ ನಿಶ್ಚಯ ಮಾಡಿದಳು.

ಮಾವಶಿಯ ತೋಟದಲ್ಲಿ ನೀರು ಹಾಯಿಸಲು ತೋಡಿದ ಗುಂಡಿಯ ತುಂಬ ನಮ್ಮದೇ ನೈದಿಲೆ. ಅಕ್ಕ ತಂಗಿ ಇಬ್ಬರೂ ಸೀರೆ ಎತ್ತಿ ಸಿಕ್ಕಿಸಿಕೊಂಡು, ಹಿಟ್ಟು ಸಾಣಿಸುವ ಹಳೆಯ ಜರಡಿ ಹಿಡಿದು ನೀರಿಗಿಳಿದರು. ಜರಡಿಯಲ್ಲಿ ಮೇಲೆ ಬಂದದ್ದು ಅವೇ, ಮಣ್ಣಿನ ಬಣ್ಣದ ದಪ್ಪ ಕಣ್ಣಿನವು. ಇವು ಹೆಲಿಕಾಪ್ಟರ್ ಹುಳದ ಮರಿಗಳು, ಸೊಳ್ಳೆ ಮರಿ ಕಂಡರೆ ಕೆಳತುಟಿಯನ್ನೇ ಕೈಯಂತೆ ಚಾಚಿ ಹಿಡಿಯುತ್ತವೆ ಎಂದು ಆಯಿ ಹೇಳಿದಳು. ಅವಳ ಬಾಯಲ್ಲಿ ಇವಕ್ಕೆ ಕಾವಲಿನವರು ಎಂದೇ ಹೆಸರು. ಬಕೆಟ್ಟಿಗೆ ಕೈತುಂಬ ನೀರುಕಳೆಯನ್ನೂ ಹಾಕಿದಳು. ಅಡಗಲು ಜಾಗ ಇಲ್ಲದಿದ್ದರೆ ದಾರಿಯಲ್ಲೇ ಒಂದನ್ನೊಂದು ತಿಂದು, ಮನೆ ಮುಟ್ಟುವಾಗ ಒಂದೇ ಉಳಿಯುತ್ತದಂತೆ.

ಆಮೇಲೆ ಒಂದು ಎಲೆ ಮಗುಚಿ ತೋರಿಸಿದಳು. ಹೇನಿನ ನಡುವೆ ಕಪ್ಪು ಮೊಸಳೆಮರಿ ಕೂತು ಗಡದ್ದಾಗಿ ಉಣ್ಣುತ್ತಿತ್ತು. ಅದರ ಪಕ್ಕ ಒಂದು ಕೋಶ, ಕೋಶದಿಂದ ಆಗಷ್ಟೇ ಹೊರಬಂದ ಗುಲಗಂಜಿ ಹುಳ. ಬೆನ್ನು ಇನ್ನೂ ಹಳದಿ, ಕೆಂಪಾಗುವುದಕ್ಕೆ ಹೊತ್ತು ಬೇಕು. ಗುಲಗಂಜಿ ಹುಳ ರೈತನ ಮಿತ್ರ ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಪುಸ್ತಕದಲ್ಲಿ ಅದರ ಚಿತ್ರ ಉಂಟು, ಅದರ ಮರಿಯ ಚಿತ್ರ ಇಲ್ಲ. ಮಿತ್ರನ ಮಕ್ಕಳನ್ನು ನಾನು ಒಲೆಯ ಬೂದಿಗೆ ಹಾಕಿದ್ದೆ. ಆಯಿಗೆ ಹಾಗೆಂದಾಗ ಅವಳು ಮೊದಲ ಸಲ ನಕ್ಕಳು. ಮಾವಶಿಯಂತೂ ನೀರಿನಲ್ಲಿ ಬೀಳುವಷ್ಟು ನಕ್ಕಳು.

ಬಸ್ಸಿನಲ್ಲಿ ಕಂಡಕ್ಟರು ಮುಚ್ಚಿದ ಬಕೆಟ್ ನೋಡಿ ಮೀನು ಎಂದೇ ತಿಳಿದ. ಮೀನಾದರೆ ಹಿಂದೆ ಇಡಿ, ವಾಸನೆ ಎಂದು ಜನ ಬೈಯುತ್ತಾರೆ ಎಂದ. ಮೀನಲ್ಲ ಎಂದರೂ ನಂಬಲಿಲ್ಲ. ಆಯಿ ಮುಚ್ಚಳ ಸರಿಸಿ ಹತ್ತಿರ ಕರೆದು ತೋರಿಸಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದು, ನೀವು ಎಲ್ಲಿ ಬೇಕಾದರೂ ಕೂತುಕೊಳ್ಳಿ ಎಂದು ಮುಂದಿನ ಸೀಟೇ ಬಿಟ್ಟುಕೊಟ್ಟ. ಅಂಕೋಲೆಯವರೆಗೂ ಬಕೆಟ್ ನನ್ನ ತೊಡೆಯ ಮೇಲೆ. ತಿರುವು ಬಂದಾಗೊಮ್ಮೆ ಕೆಸರು ನೀರು ಸೀರೆಯ ಮೇಲೆ. ಮೊಸಳೆಮರಿಗಳಿದ್ದ ಎಲೆಗಳು ಆಯಿಯ ಮಡಿಲಿನಲ್ಲಿ ತೂತು ಮಾಡಿದ ಡಬ್ಬಿಯೊಳಗೆ ಸುಖವಾಗಿದ್ದವು. ಸೀರೆ ಹಾಳಾದರೂ ಸುಮ್ಮನಿದ್ದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಸೋಮವಾರದಿಂದ ಶಾಲೆಗೆ ಹೊರಡುವ ಮುಂಚೆ ಅಡುಗೆಮನೆಯ ಸೌಟು ಹಿಡಿದು ಹೊಂಡಕ್ಕೆ ಹೋಗುವುದೇ ನನ್ನ ಪೂಜೆಯಾಯಿತು. ಸೋಮವಾರ ಸೌಟಿನ ತುಂಬ ಸೊಳ್ಳೆ ಮರಿ. ಮಂಗಳವಾರವೂ ಅಷ್ಟೇ, ನನಗೆ ಅಳು ಬರುವುದೊಂದು ಬಾಕಿ. ಬುಧವಾರ ಏಳೋ ಎಂಟೋ. ಗುರುವಾರ ಎರಡು. ಎಲೆಯ ಮೇಲೆ ಹೇನಿನ ಗುಂಪುಗಳ ನಡುವೆ ಹಸಿರು ಕಾಣತೊಡಗಿತ್ತು.

ಶುಕ್ರವಾರ ನನ್ನ ವಿದ್ಯಾರ್ಥಿನಿ ಬಂದು ಮೂರು ಕಡೆ ಸೌಟು ಅದ್ದಿದಳು. ಮೊದಲ ಎರಡು ಸಲ ಬರೀ ನೀರು. ಮೂರನೆಯ ಸಲ ಒಬ್ಬ ಕಾವಲಿನವನೇ ಸೌಟು ಹತ್ತಿ ಅವಳನ್ನು ದುರುಗುಟ್ಟಿ ನೋಡಿದ. ಅವಳು ಸೌಟನ್ನೇ ನೀರಿಗೆ ಬಿಟ್ಟಳು. ಆಮೇಲೆ ನಗುತ್ತ ರಿಜಿಸ್ಟರ್ ತೆಗೆದು ಮರಿ ಇಲ್ಲ ಎಂದು ಬರೆದಳು. ಮುಚ್ಚುವುದು ಬೇಡ, ಎಣ್ಣೆಯೂ ಬೇಡ.

ಆಯಿ ಹೊಂಡದ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟಳು. ನೈದಿಲೆಯ ಒಂದು ಎಲೆಯನ್ನು ಹಿಡಿದುಕೊಂಡವಳು ಬಿಡಲೇ ಇಲ್ಲ. ಇಡೀ ವಾರ ಅವಳಿಗೆ ಹೆದರಿಕೆ ಇತ್ತು, ನನಗೆ ತೋರಿಸಿರಲಿಲ್ಲ. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಬ್ಲೀಚಿಂಗ್ ಹಾಕಿದವಳು ನಾನು," ಎಂದೆ ಆ ಹುಡುಗಿಗೆ. "ಆಯಿ ಅಲ್ಲ."

"ಗೊತ್ತಿತ್ತು ಅಕ್ಕೋರೆ," ಎಂದಳು ಅವಳು ಪೆನ್ನಿನ ಮುಚ್ಚಳ ಹಾಕುತ್ತ. "ಆ ಬ್ಲೀಚಿಂಗ್ ಡಬ್ಬಿ ಮುಚ್ಚಳ ತೆಗೂದು ಆಯಿ ಕೈಯಲ್ಲಿ ಆಗೂದಿಲ್ಲ. ಬಾವಿಗೆ ಹಾಕ್ವಾಗ ಪ್ರತಿ ಸಲ ನನ್ನೇ ಕರೀತ್ರು."

ಮೂವರೂ ನಕ್ಕೆವು. ಚಹಾ ಕುಡಿದು ಅವಳು ಹೋದಳು. ಅವಳು ಗೇಟು ದಾಟಿದ ಮೇಲೆ ನಾನು ಆಯಿಯ ಪಕ್ಕ ಕೂತು, ಹೊಂಡವೇ ಹೋಗುವ ಹೊತ್ತಿನಲ್ಲಿ ನನಗಾಗಿ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ನೀನು ಆ ಹುಡ್ಗಿಗೆ ಕಲಿಸಿದವಳು," ಎಂದಳು. "ನೈದಿಲೆ ಸತ್ರೆ ರಾಮನಗುಳಿಂದ ಮತ್ತೆ ತರ್ಲಕ್ಕು. ನಿನ್ನ ಮರ್ಯಾದಿ ಎಲ್ಲಿಂದ ತರೂದು?"

ನನಗೆ ಅಳು ಬಂತು. ಆಯಿ ಅದನ್ನು ನೋಡಲಿಲ್ಲ. ಅವಳು ನೀರಿಗೆ ಬಗ್ಗಿ ಕಾವಲಿನವರನ್ನು ಎಣಿಸುತ್ತಿದ್ದಳು.