ಯಂತ್ರ ಬಿಡಿಸಿದ ಹೃದಯ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಪಂಪಕ್ಕ ಅಂತಲೇ ಕರೆಯುವುದು. ಹೃದಯವೂ ಶ್ವಾಸಕೋಶಗಳೂ ಒಂದೇ ಎದೆಗೂಡಿನಲ್ಲಿ ಒತ್ತಿಕೊಂಡು, ತಳ್ಳಿಕೊಂಡು ಸಂಸಾರ ಮಾಡುವುದನ್ನು ಗಣಿತದಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಓಡಿಸುವುದು ಅವಳ ಕಸುಬು. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಅವಳಿಗೆ ನಗು.

ಆ ಬೆಳಿಗ್ಗೆ ಮಾತ್ರ ಅವಳ ಮುಖ ಸಪ್ಪಗಿತ್ತು. ತೀವ್ರ ನಿಗಾ ಘಟಕದ ಡಾಕ್ಟರು ಮಧ್ಯಾಹ್ನ ಬರುವವರಿದ್ದರು. "ಉಸಿರಾಟದ ಯಂತ್ರ ಬಿಡಿಸಿದ್ರೆ ರೋಗಿಯ ಹೃದಯ ತಡ್ಕೊಳ್ಳುತ್ತಾ ಅಂತ ನಿಮ್ಮ ಲೆಕ್ಕ ಹೇಳ್ಬೇಕು. ಹೇಳದಿದ್ರೆ ಈ ಕೆಲಸ ಇಲ್ಲಿಗೇ ನಿಲ್ಲಿಸೋಣ" ಎಂದು ಖಡಾಖಂಡಿತವಾಗಿ ಹೇಳಿದ್ದರು. ಯಂತ್ರ ಗಾಳಿ ತುಂಬುವಾಗ ಅವಳ ಲೆಕ್ಕ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಲೆಕ್ಕದ ಎದೆಯನ್ನು ತಾನಾಗಿ ಉಸಿರಾಡಲು ಬಿಟ್ಟರೆ ಎಲ್ಲ ತಲೆಕೆಳಗು: ಉಸಿರೆಳೆದಾಗ ಕೊಂಚ ಇಳಿಯಬೇಕಾದ ರಕ್ತದೊತ್ತಡ ಟಣ್ಣನೆ ಮೇಲೆ ಹಾರುತ್ತಿತ್ತು.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಮಾವ ಬಂದರು. ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದಿಯೇ ಮುದುಕರಾದವರು. ಡಬ್ಬಿ ಕೆಳಗಿಡುವ ಮೊದಲೇ ಸೊಸೆ ಅವರನ್ನು ಕುರ್ಚಿಗೆ ದಬ್ಬಿ, ಒತ್ತಡ ಅಳೆಯುವ ಪಟ್ಟಿಯನ್ನು ಬೆರಳಿಗೆ ಸುತ್ತಿದಳು.

"ಜೋರಾಗಿ ಉಸಿರೆಳ್ಕೊಳ್ಳಿ ಮಾವ."

ಎಳೆದರು. ಪರದೆಯ ಮೇಲಿನ ಗೆರೆ ವಿಧೇಯವಾಗಿ ಇಳಿಯಿತು.

"ಇಷ್ಟೇನಾ? ಇರು, ಊದಿ ತೋರಿಸ್ತೀನಿ!" ಎಂದು ಮಾವ ಇಲ್ಲದ ಟ್ರಂಪೆಟ್ ತುಟಿಗಿಟ್ಟು, ಕೆನ್ನೆ ಉಬ್ಬಿಸಿ, ಕಣ್ಣು ಅರಳಿಸಿ ಉಸಿರು ಬಿಗಿಹಿಡಿದರು. ಗೆರೆ ಟಣ್ಣನೆ ಮೇಲೆ ಹಾರಿತು.

ಪಂಪಕ್ಕ ಕಿಟಾರನೆ ಕಿರುಚಿದಳು. ಮಾವ ಬೆಚ್ಚಿ, "ಸತ್ತೆನೇನಮ್ಮಾ?" ಎಂದರು.

"ಇಲ್ಲ ಮಾವ, ನಾನು ಬದುಕಿದೆ!"

ಊದುವ ಬಿಗಿತ ಹೃದಯವನ್ನು ಅಮುಕಿದ್ದಕ್ಕೇ ಗೆರೆ ಹಾರಿದ್ದು. ಅವಳ ಲೆಕ್ಕದ ಎದೆ ಉಸಿರೆಳೆಯುವಾಗಲೂ ಗೆರೆ ಹೀಗೇ ಹಾರುತ್ತಿತ್ತಲ್ಲ! ಅಂದರೆ ಒಳಗೆ ಹೃದಯವನ್ನು ಯಾರೋ ಇನ್ನೂ ಅಮುಕುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಲೆಕ್ಕದ ಸಾಲುಗಳನ್ನು ತಡಕಿದಳು. ಶ್ವಾಸಕೋಶದಿಂದ ಯಂತ್ರ ಬಿಡಿಸಿದ್ದಳು, ಹೃದಯದಿಂದ ಬಿಡಿಸುವುದನ್ನೇ ಮರೆತಿದ್ದಳು. ಪಾಪ, ಅದು ಹಳೆಯ ಯಂತ್ರದ ಒತ್ತಡದಲ್ಲೇ ನರಳುತ್ತಿತ್ತು. ಆ ಸಾಲು ತಿದ್ದಿ ಓಡಿಸಿದಾಗ ಎದೆ ಹಿಗ್ಗಿತು, ಒತ್ತಡ ಮೆತ್ತಗೆ ಇಳಿಯಿತು, ಉಸಿರು ಬಿಟ್ಟಾಗ ಏರಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಏಕೆಂದು ತಿಳಿಯದೆ ಮಾವನೂ ಹೊಟ್ಟೆ ಹಿಡಿದು ನಕ್ಕರು. ಪರದೆಯ ಮೇಲಿನ ಅವರ ಗೆರೆಯಂತೂ ಹುಚ್ಚು ಕುಣಿತ ಕುಣಿಯಿತು.

ಡಾಕ್ಟರು ಬಂದಾಗ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ನಗಲಿಲ್ಲ. ತಮ್ಮ ಘಟಕದ ರೋಗಿಯೊಬ್ಬಳ ಅಳತೆಗಳನ್ನು ಹಾಕಿಸಿ, ಲೆಕ್ಕದಲ್ಲಿ ಯಂತ್ರ ಒಮ್ಮೆಲೇ ಬಿಡಿಸಿ ನೋಡಿದರು: ಹೃದಯ ಏದುಸಿರು ಬಿಟ್ಟು ಸೋತಿತು. ಮೆಲ್ಲಮೆಲ್ಲಗೆ ಬಿಡಿಸಿದರು: ತಡವರಿಸಿತು, ಆದರೆ ನಿಂತಿತು. ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು.

"ಈಕೆ ಮಗು ಹೆತ್ತು ಇನ್ನೂ ಅದರ ಮುಖ ನೋಡಿಲ್ಲ. ಯಂತ್ರ ಬಿಡಿಸೋಕೆ ನನಗೇ ಧೈರ್ಯ ಸಾಲ್ತಿರ್ಲಿಲ್ಲ. ನಾಳೆ ಹೀಗೇ ಬಿಡಿಸೋಣ. ನೀವು ನನ್ನ ಪಕ್ಕದಲ್ಲಿರ್ತೀರಾ?"

ಪಂಪಕ್ಕ ಮಾವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೂಂ ಎಂದು ತಲೆಯಾಡಿಸಿದಳು.